ಖಾಲಿ ಮನೆಯ ಸೊನ್ನೆ

ಫೆಬ್ರವರಿ 9

ತಮ್ಮಾ,

ಗಾಬರಿ ಬೀಳಬೇಡ, ಮನೇಲಿ ಎಲ್ಲರೂ ಇದ್ದೀವಿ. ಎರಡು ವರ್ಷ ಆದಮೇಲೆ ಅಕ್ಕನ ಅಕ್ಷರ ನೋಡಿ ಎದೆ ಧಸಕ್ ಅಂದಿರುತ್ತೆ ಅಂತ ಮೊದಲೇ ಹೇಳಿಬಿಟ್ಟೆ. ನನ್ನ ಮಗಳು ಗುಬ್ಬಿ ಮದುವೆಗೆ ನೀನು ಬರಲಿಲ್ಲ ಅನ್ನೋ ಸಿಟ್ಟು ಹಾಗೇ ಇದೆ, ಚೂರೂ ಕರಗಿಲ್ಲ. ಇರೋಳು ಒಬ್ಬಳೇ ಸೋದರಸೊಸೆ, ಅವಳ ಮದುವೆ ದಿನ ನಿಮ್ಮ ಆರೋಗ್ಯ ಇಲಾಖೆ ವೆಬ್‌ಸೈಟ್ ಉದ್ಘಾಟನೆ ಅಂತ ಆಫೀಸಲ್ಲಿ ಕೂತಿದ್ದೆ. ಅದನ್ನ ಆಮೇಲೆ ವಿಚಾರಿಸ್ಕೋತೀನಿ. ಈಗಿನ ವಿಷಯ ಬೇರೆ, ಅದೂ ನಿನ್ನ ಆ ಸೈಟಿಂದೇ.

ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಕಿವಿ ಮುಕ್ಕಾಲು ಕೈಕೊಟ್ಟಿದೆ, ಎದುರು ನಿಂತು ಕೂಗಿದರೆ ಮಾತ್ರ ಕೇಳುತ್ತೆ. ಫೋನಲ್ಲಿ ನೀನು ಹೇಳೋದು ನನಗೆ ಕೇಳಿಸಲ್ಲ, ನಾನು ಹೇಳೋದು ಇಡೀ ಬೀದಿಗೆ ಕೇಳಿಸುತ್ತೆ. ಮೆಸೇಜ್ ಒತ್ತೋಕೆ ಬೆರಳು ದಪ್ಪ. ಕಾಗದವೇ ಸರಿ.

ಕೇಳು. ಮೂರು ವಾರದಲ್ಲಿ ನಮ್ಮ ಔಷಧಿ ಅಂಗಡಿಗೆ ಡಾಕ್ಟರು ಬರೆದ ಹನ್ನೊಂದು ಕಾಮಾಲೆ ಚೀಟಿ ಬಂದಿವೆ. ಹನ್ನೊಂದೂ ನಮ್ಮ ಬೀದಿ, ಹಿಂದಿನ ಬೀದಿಯವೇ. ಒಂದು ತಿಂಗಳಿಗೆ ಸಾಕಾಗೋ ಓಆರ್‌ಎಸ್ ಪ್ಯಾಕೆಟ್ ಆರೇ ದಿನಕ್ಕೆ ಮುಗೀತು. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಮೊದಲ ಹತ್ತು ನಿಮಿಷ ಚರಂಡಿ ವಾಸನೆ. ಇದಕ್ಕೆ ಜೋಯಿಸರನ್ನ ಕೇಳಬೇಕಾ? ಕುದಿಸಿ ಕುಡೀರಪ್ಪಾ ಅಂತ ಬಂದವರಿಗೆಲ್ಲ ಬಾಯಿ ಬಡ್ಕೊಂಡೆ. ಎದುರಿನ ಕ್ಷೌರದ ಅಂಗಡಿಯವನು ಏನಂದ ಗೊತ್ತಾ? "ಪ್ಯಾಕೆಟ್ ಮಾರೋದಕ್ಕೆ ಹೆದರಿಸ್ತೀರಾ ಅಕ್ಕಾ?" ಅಂತ ಫೋನ್ ತೆಗೆದು ನನ್ನ ಮೂಗಿನ ಮುಂದೆ ಹಿಡಿದ. ನಿನ್ನ ಸೈಟ್! ಹದಿನೇಳನೇ ವಾರ್ಡ್, ಕಾಮಾಲೆ 0, ವಾಂತಿಭೇದಿ 0, ಪಕ್ಕದಲ್ಲಿ ಒಂದು ಹಸಿರು ಗುಂಡು.

ನೀರು ಸರಬರಾಜು ಆಫೀಸಿಗೂ ಹೋಗಿಬಂದೆ. ಅಲ್ಲಿನ ಎಂಜಿನಿಯರೂ ಅದೇ ಹಸಿರು ಗುಂಡು ತೋರಿಸಿ, "ಆರೋಗ್ಯ ಇಲಾಖೆಯೇ ಸೊನ್ನೆ ಅಂತಿದೆಯಮ್ಮ, ಯಾವ ಆಧಾರದ ಮೇಲೆ ರಸ್ತೆ ಅಗೆಯಲಿ?" ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ಟ.

ಇಷ್ಟೇ ಆಗಿದ್ದರೆ ನಿನಗೆ ಬರೀತಿರಲಿಲ್ಲ. ಗುಬ್ಬಿಗೆ ಈಗ ಏಳನೇ ತಿಂಗಳು. ನಮ್ಮಿಂದ ಮೂರನೇ ಮನೆ ಅವಳದ್ದು, ಅದೇ ನಲ್ಲಿ, ಅದೇ ನೀರು. ಈ ನೀರಿನ ಕಾಮಾಲೆ ನಮ್ಮಂಥವರಿಗೆ ಬಂದರೆ ಮಲಗಿಸಿ ಏಳಿಸುತ್ತೆ, ಬಸುರಿಗೆ ಬಂದರೆ ಜೀವಕ್ಕೇ ಕುತ್ತು. ಮೂವತ್ತು ವರ್ಷ ಔಷಧಿ ಕೊಟ್ಟ ನನಗೆ ಇಷ್ಟೂ ಗೊತ್ತಿಲ್ವಾ? ಆದರೆ ನಮ್ಮ ಅಳಿಯ ಲಿಫ್ಟ್ ರಿಪೇರಿಯವನು, ಪರದೆ ಮೇಲೆ ನಂಬರ್ ಕಂಡರೆ ಮುಗೀತು, ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಪೈಕಿ. "ಅತ್ತೇ, ಮಾವನ ಸೈಟೇ ಹೇಳ್ತಿದೆ, ನೀವು ಸುಮ್ಮನೆ ಅವಳನ್ನ ಹೆದರಿಸಬೇಡಿ" ಅಂತಾನೆ. ಅವಳೂ ಗಂಡನ ಮಾತಿಗೆ ತಲೆ ಆಡಿಸ್ತಾಳೆ. ನಾನು ಕುದಿಸಿ ತಗೊಂಡು ಹೋದ ನೀರು ಹಾಗೇ ಮೂಲೇಲಿರುತ್ತೆ.

ಆ ಸೊನ್ನೆ ತೆಗಿ. ಯಾರು ಹಾಕಿದರೋ ಅವರ ಕಿವಿ ಹಿಂಡು.

ನಿನ್ನ ಅಕ್ಕ
(ಸಿಟ್ಟು ಇನ್ನೂ ಇದೆ)


ಫೆಬ್ರವರಿ 14

ಅಕ್ಕಾ,

ನಿನ್ನ ಕಾಗದ ಹಿಡಿದು ಆಫೀಸ್ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಬೈದರೂ ಬೈಯಿ, ಬರೆದೆಯಲ್ಲ! ಗುಬ್ಬಿ ಬಸುರಿ ಅಂತ ನನಗೆ ಯಾರೂ ಹೇಳಿರಲಿಲ್ಲ. ಹೇಳೋದಕ್ಕೆ ನಾನು ಮುಖ ಉಳಿಸಿಕೊಂಡಿದ್ದರೆ ತಾನೇ. ಇರಲಿ.

ಒಂದು ಮಾತು ಹೇಳ್ತೀನಿ, ರೇಗಬೇಡ. ಸೈಟಲ್ಲಿ ನಾವು ಕೈಯಾರೆ ಏನೂ ಬರೆಯಲ್ಲ. ಪ್ರತಿ ವಾರ್ಡಿನ ಆರೋಗ್ಯ ಕೇಂದ್ರ ಸೋಮವಾರ ಸೋಮವಾರ ವರದಿ ಕಳಿಸುತ್ತೆ, ಅದೇ ಜನಕ್ಕೆ ಕಾಣಿಸುತ್ತೆ. ನಿನ್ನ ಹನ್ನೊಂದು ಜನ ಬೇರೆ ವಾರ್ಡಿನ ಆಸ್ಪತ್ರೆಗೆ ಹೋಗಿ ಅಲ್ಲಿ ಲೆಕ್ಕಕ್ಕೆ ಬಂದಿರಬಹುದು. ಆದರೂ ಊಟ ಆದಮೇಲೆ ನಿಮ್ಮ ಕೇಂದ್ರದ ಮೂಲ ವರದಿ ತೆಗೆದು ನೋಡ್ತೀನಿ.

ಸಂಜೆ ನಾಲ್ಕು ಗಂಟೆ.

ನೋಡಿದೆ ಅಕ್ಕಾ! ಅವಸರದಲ್ಲಿ ಬರೀತಿದ್ದೀನಿ, ಅಕ್ಷರ ಹೇಗಿದ್ರೂ ಓದ್ಕೋ. ನಿಮ್ಮ ಕೇಂದ್ರದ ವರದಿಯಲ್ಲಿ ಕಾಮಾಲೆ ಮನೆಯೊಳಗೆ, ಅಂದ್ರೆ ಆ ಚೌಕದೊಳಗೆ, ಸೊನ್ನೆ ಇಲ್ಲ. ಏನೂ ಇಲ್ಲ. ಖಾಲಿ! ಹದಿನಾಲ್ಕು ತಿಂಗಳಿಂದ ಖಾಲಿ! ಕೇಂದ್ರದ ಸಿಸ್ಟರ್‌ಗೆ ಫೋನ್ ಹಚ್ಚಿದೆ. ಲ್ಯಾಬ್ ಟೆಕ್ನಿಷಿಯನ್ ವರ್ಗ ಆಗಿ ಹೋದ, ಅವನ ಜಾಗಕ್ಕೆ ಯಾರೂ ಬಂದಿಲ್ಲ, ಪರೀಕ್ಷೆಯೇ ನಡೆದಿಲ್ಲ, "ಮಾಡದೇ ಇರೋದಕ್ಕೆ ಏನಂತ ಬರೆಯೋದು ಸಾರ್, ಖಾಲಿ ಬಿಟ್ಟೆ" ಅಂದರು. ಪಾಪ, ಸತ್ಯವನ್ನೇ ಕಳಿಸಿದ್ದಾರೆ. ಹಾಗಾದರೆ ಸೊನ್ನೆ ಎಲ್ಲಿಂದ ಬಂತು?

ನಾನೇ ಹಾಕಿದ್ದು. ಉದ್ಘಾಟನೆಯ ಹಿಂದಿನ ದಿನ ಉಪನಿರ್ದೇಶಕರು ಟೇಬಲ್ ನೋಡಿ, "ಏನ್ರೀ ಇದು, ಹಲ್ಲು ಬಿದ್ದ ಬಾಯಿ ಥರ ಅಲ್ಲಲ್ಲಿ ಖಾಲಿ" ಅಂದರು. ನಾನು ಎರಡು ಸಲ ಯೋಚಿಸಲಿಲ್ಲ. ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದೆ. ಮನೆ ಖಾಲಿ ಇದ್ದರೆ ಸೊನ್ನೆ ತುಂಬು, ಸೊನ್ನೆ ಇದ್ದರೆ ಹಸಿರು ಗುಂಡು ಹಾಕು. ಅಷ್ಟೇ. ಎರಡು ನಿಮಿಷದ ಕೆಲಸ.

ಯಾವ ಮುಠ್ಠಾಳ ನಿನಗೆ ಇದನ್ನ ಕಲಿಸಿದ ಅಂತ ಕೇಳ್ತೀಯ ತಾನೇ? ನೀನೇ! ಅಂಗಡಿ ದಾಸ್ತಾನು ಪುಸ್ತಕ ಬರೀವಾಗ ಒಂದು ಮನೆ ಖಾಲಿ ಬಿಟ್ಟರೂ ನನ್ನ ಬೆರಳ ಗಿಣ್ಣಿಗೆ ಸ್ಕೇಲಲ್ಲಿ ಬಾರಿಸ್ತಿದ್ದೆ. "ಖಾಲಿ ಬಿಟ್ಟರೆ ನಾಳೆ ಯಾರು ಬೇಕಾದರೂ ಏನು ಬೇಕಾದರೂ ಬರ್ಕೋತಾರೆ, ಸೊನ್ನೆ ಹಾಕೋ!" ಹನ್ನೆರಡನೇ ವಯಸ್ಸಲ್ಲಿ ಕಲಿತ ಪಾಠ, ಇಡೀ ಇಲಾಖೆಗೆ ಕಲಿಸಿಬಿಟ್ಟೆ. ಅರವತ್ತಮೂರು ವಾರ್ಡಲ್ಲಿ ಇಂಥ ಸುಳ್ಳು ಸೊನ್ನೆ ಎಷ್ಟಿವೆ ಅಂತ ಎಣಿಸ್ತಿದ್ದೀನಿ.

ಅಳಿಯನಿಗೆ ಫೋನ್ ಮಾಡಿ, ಸೈಟ್ ತಪ್ಪು, ನೀರು ಕುದಿಸಿ ಅಂದೆ. ಅವನು ನಕ್ಕ. "ಅತ್ತೆ ನಿಮಗೂ ಹೇಳಿಕೊಟ್ಟರಾ ಮಾವ? ತಪ್ಪಾಗಿದ್ದರೆ ಸೈಟಲ್ಲೇ ತಿದ್ದಿ, ನೋಡ್ತೀನಿ" ಅಂದ. ಅವನ ಮೇಲೆ ನನಗೆ ಕೋಪ ಬರಲಿಲ್ಲ ಅಕ್ಕಾ. ನಂಬಿಸಿದವನು ನಾನೇ.

ನಾಳೆಯೇ ಉಪನಿರ್ದೇಶಕರ ಹತ್ತಿರ ಹೋಗ್ತೀನಿ. ಖಾಲಿ ಇರೋ ಕಡೆ "ಮಾಹಿತಿ ಲಭ್ಯವಿಲ್ಲ" ಅಂತ ಹಾಕೋಣ ಅಂತಿದ್ದೀನಿ.

ನಿನ್ನ
ಗಿಣ್ಣು ನೋಯುತ್ತಿರುವ ತಮ್ಮ


ಫೆಬ್ರವರಿ 18

ಎಲವೋ,

ಕಪಾಟು ನೋಡಿ ಸೊನ್ನೆ ಹಾಕು ಅಂದಿದ್ದೆ ಕಣೋ! ಕಪಾಟಿನ ಹತ್ತಿರ ಹೋಗಿ, ಕೈ ಹಾಕಿ, ಡಬ್ಬಿ ಅಲ್ಲಾಡಿಸಿ, ಒಂದೂ ಮಾತ್ರೆ ಇಲ್ಲ ಅಂತ ಆದಮೇಲೆ ಸೊನ್ನೆ. ನೀನು ಕೂತಲ್ಲೇ ಕೂತು ಹಾಕ್ತಿದ್ದೆ, ಅದಕ್ಕೇ ಬೀಳ್ತಿತ್ತು ಏಟು. ಪಾಠದಲ್ಲಿ ಅರ್ಧ ಮಾತ್ರ ತಲೆಗೆ ಹೋಗಿದೆ, ಇನ್ನರ್ಧಕ್ಕೆ ಹೊಡೆತ ಸಾಲಲಿಲ್ಲ. ನನ್ನದೂ ತಪ್ಪೇ ಅನ್ನು.

ಇನ್ನೊಂದು. "ಮಾಹಿತಿ ಲಭ್ಯವಿಲ್ಲ" ಅಂದ್ರೆ ಏನೋ? ನಿನ್ನೆ ಅಂಗಡಿಗೆ ಬಂದ ಏಳು ಜನರನ್ನ ಕೇಳಿದೆ. ಇಬ್ಬರು ಇಂಟರ್‌ನೆಟ್ ಕೆಟ್ಟಿದೆ ಅಂದುಕೊಂಡರು, ಒಬ್ಬ ರಜಾ ಇರಬೇಕು ಅಂದ, ಹಾಲಿನವಳು "ಇದೆ, ನಮಗೆ ಕೊಡಲ್ಲ ಅಂತ" ಅಂದಳು. ಉಳಿದವರು ಓದಲೇ ಇಲ್ಲ. "ಗೊತ್ತಿಲ್ಲ" ಅಂತ ಹಾಕು. ಮೂರಕ್ಷರ, ಎರಡು ಒತ್ತು. ಗೊತ್ತಿಲ್ಲ ಅಂದ್ರೆ ಮನುಷ್ಯ ಹುಷಾರಾಗ್ತಾನೆ. ಮುಂದಿನ ಹಳ್ಳದಲ್ಲಿ ನೀರು ಎಷ್ಟಿದೆ ಅಂತ ಕೇಳಿದಾಗ ಗೊತ್ತಿಲ್ಲ ಅಂದರೆ ನಿಂತು ಕಾಲಿಡ್ತೀಯ, ನೀರೇ ಇಲ್ಲ ಅಂದರೆ ಧುಮುಕ್ತೀಯ.

ಈಗ ಹದಿನೈದು ಚೀಟಿ. ಬೇಗ ಮಾಡೋ ರಾಜಾ.

ಅಕ್ಕ


ಫೆಬ್ರವರಿ 28

ತಮ್ಮಾ,

ಹತ್ತು ದಿನ ಆಯ್ತು, ಉತ್ತರ ಇಲ್ಲ. ದಿನಾ ಬೆಳಿಗ್ಗೆ ಅಂಗಡಿ ಕಂಪ್ಯೂಟರಲ್ಲಿ ನೋಡ್ತೀನಿ, ಅದೇ ಸೊನ್ನೆ, ಅದೇ ಹಸಿರು. ಗುಂಡಿಗೆ ಒಂದು ಕಲ್ಲು ಹೊಡೆಯೋಣ ಅನ್ಸುತ್ತೆ.

ಇಪ್ಪತ್ತಾರು ಚೀಟಿ ಈಗ. ಕ್ಷೌರದ ಅಂಗಡಿಯವನ ಮಗಳೂ ಮಲಗಿದ್ದಾಳೆ. ಅವನು ಬಂದು ಔಷಧಿ ತಗೊಂಡ, ನನ್ನ ಮುಖ ನೋಡಲಿಲ್ಲ. ಮೊನ್ನೆ ಗುಬ್ಬಿ ವಾಂತಿ ಮಾಡ್ಕೊಂಡಳು. ನಾನು ಓಡಿಹೋಗಿ ಅವಳ ಕಣ್ಣು ಎಳೆದು ಬೆಳಕಲ್ಲಿ ನೋಡಿದೆ. ಬೆಳ್ಳಗೇ ಇತ್ತು, ಅಜೀರ್ಣ ಅಷ್ಟೇ. ಆದರೆ ಆ ಎರಡು ನಿಮಿಷದಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಅವಳು "ಅಮ್ಮಾ, ಕಣ್ಣು ನೋಯುತ್ತೆ ಬಿಡು" ಅಂತ ನಗ್ತಿದ್ದಾಳೆ. ನಗೋದಕ್ಕೇನು!

ನಿನಗೆ ಏನಾದರೂ ತೊಂದರೆ ಆಗಿದೆಯಾ? ಕೆಲಸಕ್ಕೆ ಕುತ್ತು ಬರೋ ಹಾಗಿದ್ದರೆ ಅದನ್ನೂ ಬರೆ. ಬೈಯಲ್ಲ.

ಅಕ್ಕ


ಮಾರ್ಚ್ 6

ಅಕ್ಕಾ, ಅಕ್ಕಾ, ಅಕ್ಕಾ,

ನಾಳೆ ಬೆಳಿಗ್ಗೆ ಹನ್ನೊಂದು ಗಂಟೆಗೆ! ನಾಳೆ! ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ ನೀನೇ ನೋಡಿರ್ತೀಯ, ಆದರೂ ಬರೀದೆ ಇರೋಕಾಗ್ತಿಲ್ಲ.

ಉತ್ತರ ಯಾಕೆ ಬರೀಲಿಲ್ಲ ಅಂದ್ರೆ, ಬರೆಯೋ ಅಂಥದ್ದು ಏನೂ ಇರಲಿಲ್ಲ. ಉಪನಿರ್ದೇಶಕರಿಗೆ ವಿಷಯ ಹೇಳಿದ ದಿನವೇ ನನಗೆ ಶೋಕಾಸ್ ನೋಟಿಸ್. ಇಲಾಖೆಯ ಹೆಸರು ಕೆಡಿಸಲು ಯತ್ನ ಅಂತ! ಖಾಲಿ ಮನೆಗೆ ಸೊನ್ನೆ ತುಂಬಿಸಿದ್ದು ಯಾರ ಮಾತಿಗೆ ಅಂತ ನಾನು ಎಲ್ಲೂ ಬರೆದಿರಲಿಲ್ಲ, ಅವರೇ "ನಾನೇನೂ ಹೇಳಿರಲಿಲ್ಲ" ಅಂತ ಶುರು ಮಾಡಿದರು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ. ಎರಡು ವಾರಕ್ಕೂ ಹೆಚ್ಚು ಕಂಪ್ಯೂಟರ್ ಮುಟ್ಟೋ ಹಾಗಿರಲಿಲ್ಲ, ಹಳೇ ಫೈಲು ಜೋಡಿಸೋ ಕೋಣೆಗೆ ಹಾಕಿದ್ದರು. ಧೂಳಲ್ಲಿ ಕೂತು ನಾನು ಏನು ಮಾಡಿದೆ ಹೇಳು? ಅರವತ್ತಮೂರು ವಾರ್ಡಿನ ಮೂಲ ವರದಿಗಳ ಕಾಗದದ ಪ್ರತಿ ಇರೋದು ಆ ಕೋಣೆಯಲ್ಲೇ! ಒಂದೊಂದಾಗಿ ತೆಗೆದು, ಖಾಲಿ ಮನೆಗಳಿಗೆಲ್ಲ ಕೆಂಪು ಪೆನ್ಸಿಲ್ಲಲ್ಲಿ ಗುರುತು ಹಾಕಿದೆ. ಇಪ್ಪತ್ತೊಂಬತ್ತು ವಾರ್ಡ್! ಹೆಚ್ಚುಕಮ್ಮಿ ಅರ್ಧ!

ನಿನ್ನೆ ವಿಚಾರಣೆ. ನಿರ್ದೇಶಕಿ ಮೇಡಂ ಮೇಜಿನ ಮೇಲೆ ಆ ಕಟ್ಟು ಇಟ್ಟೆ, ತಪ್ಪು ನನ್ನದು ಅಂದೆ, ನಿನ್ನ ಕಾಗದಗಳನ್ನೂ ಕೊಟ್ಟೆ. (ಕ್ಷಮಿಸು, ಎಲವೋ ಅಂದಿದ್ದನ್ನೂ ಓದಿದರು.) ಉಪನಿರ್ದೇಶಕರು, "ಸರ್ಕಾರದ ಸೈಟಲ್ಲಿ ಗೊತ್ತಿಲ್ಲ ಅಂತ ಹಾಕಿದರೆ ನಗೆಪಾಟಲು ಮೇಡಂ, ಮರ್ಯಾದೆ ಪ್ರಶ್ನೆ" ಅಂದರು. ಮೇಡಂ ಮೂಲತಃ ಡಾಕ್ಟರು. ಕನ್ನಡಕ ತೆಗೆದು ಅವರನ್ನೇ ನೋಡಿ ಕೇಳಿದರು: "ರೋಗಿ ಹೊಟ್ಟೆನೋವು ಅಂತ ಬರ್ತಾನೆ. ನಾನು ಪರೀಕ್ಷೆ ಮಾಡಿಲ್ಲ. ಏನೂ ಆಗಿಲ್ಲ ಹೋಗು ಅಂದರೆ ನನ್ನ ಮರ್ಯಾದೆ ಉಳಿಯುತ್ತೇನ್ರೀ?" ಉಪನಿರ್ದೇಶಕರು ನೀರು ಕುಡಿದರು.

ಮೇಡಂ ಆದೇಶದ ಮೇಲೆ ತಮ್ಮ ಕೈಯಾರೆ ಬರೆದರು: ಗೊತ್ತಿಲ್ಲ ಎಂಬಲ್ಲಿ ಗೊತ್ತಿಲ್ಲ ಎಂದೇ ತೋರಿಸತಕ್ಕದ್ದು. ಜೊತೆಗೆ ಮುಖಪುಟದಲ್ಲಿ ತಪ್ಪೊಪ್ಪಿಗೆ. ಎರಡು ವರ್ಷ ಖಾಲಿ ಮನೆಗಳನ್ನು ಸೊನ್ನೆ ಎಂದು ತೋರಿಸಿದ್ದೇವೆ, ಅದು ತಪ್ಪು ಅಂತ. ನನ್ನ ನೋಟಿಸ್ ರದ್ದಾಗಿಲ್ಲ, ಅದೂ ಇರುತ್ತೆ, ಇರಲಿ. ತಪ್ಪು ಮಾಡಿದ್ದು ಹೌದಲ್ಲ.

ಹೊರಗೆ ಬಂದು ಮೆಟ್ಟಿಲು ಎರಡೆರಡು ಹಾರಿದೆ, ನಲವತ್ತು ದಾಟಿದವನು!

ನಿನ್ನ ತಮ್ಮ


ಮಾರ್ಚ್ 8

ತಮ್ಮಾ,

ನಿನ್ನ ಕಾಗದ ಇನ್ನೂ ಬಂದಿಲ್ಲ, ಆದರೆ ಕಂಡೆ! ನಿನ್ನೆ ಹನ್ನೊಂದೂಕಾಲಿಗೆ ಅಂಗಡಿ ಕಂಪ್ಯೂಟರಲ್ಲಿ ಕಂಡೆ! ಹಸಿರು ಗುಂಡು ಹೋಗಿ ಬೂದಿ ಬಣ್ಣದ ಗುಂಡು. ಹದಿನೇಳನೇ ವಾರ್ಡ್, ಕಾಮಾಲೆ: ಗೊತ್ತಿಲ್ಲ. ನಾನು "ಗೊತ್ತಿಲ್ಲ! ಗೊತ್ತಿಲ್ಲವಂತೆ!" ಅಂತ ಕೂಗ್ತಾ ಬೀದಿಗೆ ಬಂದೆ. ಏನು ಗೊತ್ತಿಲ್ಲ ಅಂತ ಜನ ಓಡಿ ಬಂದರು. ಕಳೆದುಹೋದ ಮಗು ಸಿಕ್ಕಿದ ಹಾಗೆ ನನ್ನ ಸಂಭ್ರಮ, ಅವರಿಗೆ ಅಕ್ಕನಿಗೆ ತಲೆ ಕೆಟ್ಟಿದೆ ಅಂತ.

ಆಮೇಲೆ ಒಬ್ಬೊಬ್ಬರೂ ಫೋನ್ ತೆಗೆದರು. ಓದಿದರು. ಯಾರೂ ನಗಲಿಲ್ಲ ತಮ್ಮಾ. ಕ್ಷೌರದ ಅಂಗಡಿಯವನು ನಿಮ್ಮ ತಪ್ಪೊಪ್ಪಿಗೆಯನ್ನ ಗಟ್ಟಿಯಾಗಿ ಓದಿ ಹೇಳಿದ, ನನ್ನ ಕಿವಿಗೂ ಬೀಳೋ ಹಾಗೆ. "ಸರ್ಕಾರಕ್ಕೇ ಗೊತ್ತಿಲ್ಲ ಅಂದ್ರೆ ಏನೋ ಇದೆ ಅಂತಲೇ" ಅಂದಳು ಹಾಲಿನವಳು. ಅರ್ಧ ಗಂಟೇಲಿ ಬೀದಿ ತುಂಬ ಒಲೆ ಹೊತ್ತಿಕೊಂಡವು. ಮೂವತ್ತು ವರ್ಷ ಔಷಧಿ ಕೊಟ್ಟ ನನ್ನ ಮಾತಿಗೆ ಬೆಲೆ ಇಲ್ಲ, ನಿನ್ನ ಒಂದು ಪದಕ್ಕೆ ಇಷ್ಟು ಬೆಲೆ. ಹೊಟ್ಟೆಕಿಚ್ಚಾಯ್ತು, ಹಾಲು ಕುಡಿದಷ್ಟು ಖುಷಿಯೂ ಆಯ್ತು.

ಅಳಿಯನ ವಿಷಯ ಕೇಳು! ಕೆಲಸ ಬಿಟ್ಟು ಓಡಿಬಂದ, ಸಮವಸ್ತ್ರದಲ್ಲೇ. ಮನೇಲಿದ್ದ ಎಲ್ಲಾ ಬಿಂದಿಗೆ ಚರಂಡಿಗೆ ಸುರಿದ, ದೊಡ್ಡ ಪಾತ್ರೆ ಒಲೆ ಮೇಲಿಟ್ಟು, ಕುದಿ ಬಂದಮೇಲೂ ಗಡಿಯಾರ ನೋಡ್ತಾ ಹತ್ತು ನಿಮಿಷ ನಿಂತ. ಆಮೇಲೆ ಹತ್ತಿರ ಬಂದು ನನ್ನ ಅಂಗೈ ಮೇಲೆ ಬೆರಳಲ್ಲಿ ಬರೆದ, ತ-ಪ್ಪಾ-ಯ್ತು ಅಂತ. ನನಗೆ ಕೇಳಿಸಲ್ಲ ಅಂತ! ಅಷ್ಟು ಕಿವುಡಿ ಅಲ್ಲಪ್ಪಾ ನಾನು ಅಂದೆ. ಇಬ್ಬರ ಕಣ್ಣೂ ಒದ್ದೆ.

ಅಕ್ಕ


ಮಾರ್ಚ್ 27

ತಮ್ಮಾ,

ಮೊದಲು ಒಳ್ಳೇ ಸುದ್ದಿ. ಹೊಸ ಟೆಕ್ನಿಷಿಯನ್ ಹುಡುಗಿ ಬಂದಿದ್ದಾಳೆ, ನಿಮ್ಮ ಮೇಡಂ ಕಳಿಸಿದ್ದಂತೆ. ನಾಲ್ಕು ದಿನದಲ್ಲಿ ನೂರಾ ಎಂಬತ್ತು ಜನರ ರಕ್ತ ತೆಗೆದಳು, ಊಟಕ್ಕೂ ಏಳಲಿಲ್ಲ. ಗುಬ್ಬಿದು ಮೊದಲೇ ಮಾಡಿಸಿದೆ. ಏನೂ ಇಲ್ಲ! ನೋಡಿ, ಪರೀಕ್ಷೆ ಮಾಡಿ, ಏನೂ ಇಲ್ಲ ಅಂದಳು! ಆ ಕಾಗದವನ್ನ ದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಿದ್ದೀನಿ.

ನಿನ್ನೆ ನಿನ್ನ ಸೈಟಲ್ಲಿ ಬಂತು. ಕಾಮಾಲೆ: 41, ಕೆಂಪು ಗುಂಡು. ಕೆಂಪು ಬರ್ತಿದ್ದ ಹಾಗೇ ಅಂಗಡೀಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಕಾಯಿಲೆಯ ಲೆಕ್ಕಕ್ಕೆ ಚಪ್ಪಾಳೆ ತಟ್ಟಿದ ಬೀದಿ ನಮ್ಮದೊಂದೇ ಇರಬೇಕು. ಪ್ರಿಂಟ್ ತೆಗೆದುಕೊಂಡು ಮೂವತ್ತು ಜನ ನೀರಿನ ಆಫೀಸಿಗೆ ಹೋದೆವು, ನಾನು ಮುಂದೆ. ಎಂಜಿನಿಯರ್ ಮೊದಲು ಕಡ್ಡಿ ತುಂಡಾದ ಹಾಗೆ ಆಗಲ್ಲ ಅಂದ, ಕೆಂಪು ಗುಂಡು ನೋಡಿದಮೇಲೆ ಮಧ್ಯಾಹ್ನವೇ ಗುದ್ದಲಿ ಕಳಿಸಿದ. ಬ್ರೆಡ್ ಅಂಗಡಿ ಮೂಲೇಲಿ ಅಗೆದರೆ, ಏನು ನೋಡೋದು! ನಮ್ಮ ಕುಡಿಯೋ ನೀರಿನ ಪೈಪು ಚರಂಡಿಯೊಳಗೇ ಹಾದು ಹೋಗಿದೆ, ಅಂಗೈ ಅಗಲ ಬಿರುಕು. ಬಿರುಕು ನೋಡೋದಕ್ಕೆ ಸಾಲು ನಿಂತಿದ್ದರು ಜನ. ಈಗ ಟ್ಯಾಂಕರ್ ನೀರು, ಹೊಸ ಪೈಪು ಹಾಕ್ತಿದ್ದಾರೆ.

ಹೆರಿಗೆ ಇದೇ ಕೇಂದ್ರದಲ್ಲಿ. ಮುಂದಿನ ತಿಂಗಳ ಕೊನೆ ಅಂತಾರೆ. ಈ ಸಲವೂ ಉದ್ಘಾಟನೆ ಗಿದ್ಘಾಟನೆ ಅಂದ್ಯೋ, ನೋಡು ಮತ್ತೆ.

ಅಕ್ಕ
(ಸಿಟ್ಟು ಅರ್ಧ)


ಏಪ್ರಿಲ್ 21
ಬೆಳಿಗ್ಗೆ ಹತ್ತೂ ನಲವತ್ತು

ಅಕ್ಕಾ,

ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ ಇದೆ, ನಿಲ್ದಾಣದ ಬೆಂಚಿನ ಮೇಲೆ ಚೀಲ ತೊಡೆಯಲ್ಲಿಟ್ಟು ಬರೀತಿದ್ದೀನಿ. ಇದನ್ನ ಅಂಚೆಗೆ ಹಾಕಲ್ಲ, ಕೈಗೇ ಕೊಡ್ತೀನಿ. ಎದುರು ನಿಂತರೆ ನನಗೆ ಮಾತು ಹೊರಡಲ್ಲ, ನಿನಗೆ ಕೇಳಿಸಲ್ಲ.

ಇವತ್ತು ಒಂಬತ್ತೂ ಹತ್ತಕ್ಕೆ ಆಫೀಸಲ್ಲಿ ಕೂತೆ. ಈಗ ಕೇಂದ್ರಗಳು ಹೆರಿಗೆ ಆದ ಕೂಡಲೇ ಸೈಟಿಗೆ ಏರಿಸ್ತಾರಲ್ಲ, ದಿನಾ ಮೊದಲು ನೋಡೋದು ನಿಮ್ಮ ವಾರ್ಡನ್ನೇ. ಜನನ: 1 ಅಂತಿತ್ತು! ಎದ್ದು ನಿಂತೆ. ನಮ್ಮದೋ, ಬೇರೆಯವರದೋ? ಅಳಿಯನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಒಳಗಿನ ದಾಖಲೆ ತೆಗೆದೆ. ತಾಯಿ ಕಾರ್ಡಿನ ನಂಬರು ಗುಬ್ಬಿಯದೇ! ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದೆ, ಉಪನಿರ್ದೇಶಕರನ್ನೂ. ಅವರು ನನ್ನ ಕೈ ಕುಲುಕಿದರು ಅಂದ್ರೆ ನಂಬ್ತೀಯಾ?

ನಾವು ನೋಡ್ತಾ ಇದ್ದ ಹಾಗೇ ಆ 1 ಹೋಗಿ 2 ಆಯ್ತು. ತೆಗೆದು ನೋಡಿದರೆ ಅದೇ ಕಾರ್ಡು, ಅದೇ ತಾಯಿ, ಅದೇ ವಿಳಾಸ. ಅಯ್ಯೋ, ಒಂದು ಸುಳ್ಳು ಲೆಕ್ಕ ತಿದ್ದೋದಕ್ಕೆ ಇಷ್ಟು ಒದ್ದಾಡಿ, ಈಗ ನಮ್ಮ ಮನೆಯ ಲೆಕ್ಕವೇ ತಪ್ಪಾಗಿ ಬರಬೇಕಾ! ತಕ್ಷಣ ಕೇಂದ್ರಕ್ಕೆ ಫೋನ್ ಮಾಡಿ, ದೊಡ್ಡ ಅಧಿಕಾರಿ ಗತ್ತಲ್ಲಿ ಹೇಳಿದೆ. "ಸಿಸ್ಟರ್, ಒಂದೇ ಹೆರಿಗೆ ಎರಡು ಸಲ ಏರಿಸಿದ್ದೀರಿ. ಸೈಟಲ್ಲಿ ತಪ್ಪು ಮಾಹಿತಿ ಒಂದು ನಿಮಿಷವೂ ಇರಕೂಡದು. ಒಂದನ್ನ ಈಗಲೇ ಅಳಿಸಿ."

ಸಿಸ್ಟರ್ ಕೇಳಿದರು. "ಯಾವುದನ್ನ ಅಳಿಸಲಿ ಸಾರ್? ಹುಡುಗನ್ನೋ, ಹುಡುಗೀನೋ?"

ಅಕ್ಕಾ! ಅವಳಿ ಅಂತ ನಾಲ್ಕು ತಿಂಗಳಿಂದ ನಿಮಗೆಲ್ಲ ಗೊತ್ತಿತ್ತಂತೆ! "ಮಾವನಿಗೆ ಮಾತ್ರ ಹೇಳಕೂಡದು ಅಂತ ಅತ್ತೆ ಆಣೆ ಹಾಕಿಸಿದ್ದರು" ಅಂತ ಆಮೇಲೆ ಫೋನಲ್ಲಿ ಅಳಿಯ ಬಾಯಿಬಿಟ್ಟ. ಎಲ್ಲಾ ತೋರಿಸು, ಏನೂ ಮುಚ್ಚಬೇಡ ಅಂತ ಇಡೀ ಇಲಾಖೆಯ ಪ್ರಾಣ ತಿಂದವಳು ನೀನು. ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ! ಬರ್ತಿದ್ದೀನಿ ಇರು, ಈ ಸಲ ಸ್ಕೇಲು ನನ್ನ ಕೈಯಲ್ಲಿ.

ಮೂವರೂ ಆರಾಮ ಅಂತ ಸಿಸ್ಟರ್ ಹೇಳಿದರು. ಮೂವರೂ. ಆ ಪದವನ್ನ ಇಲ್ಲಿ ಬೆಂಚಿನ ಮೇಲೆ ಒಬ್ಬನೇ ಕೂತು ಹೇಳಿಕೊಳ್ತಿದ್ದೀನಿ, ಪಕ್ಕದವರು ನೋಡ್ತಿದ್ದಾರೆ.

ಬಸ್ ಬಂತು.

ನಿನ್ನ ತಮ್ಮ,
ಇಬ್ಬರು ಮಕ್ಕಳ ಅಜ್ಜ